ಸಹಾಯ ಬೇಕು: ಐಕ್ಯೂ ನಾರ್ಮಲ್, ಆದರೆ ದಿನದ ಕೆಲಸ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯವರು. ಅಕ್ಕನ ಮಗನಿಗೆ 15 ವರ್ಷ. ಹೋದ ವರ್ಷ ಬೈಕ್ ಅಪಘಾತದಲ್ಲಿ ತಲೆಯ ಮುಂಭಾಗಕ್ಕೆ ಪೆಟ್ಟಾಯಿತು. ಈಗ ಮಾತು, ಓಡಾಟ ಸರಿಯಿದೆ. ಐಕ್ಯೂ ಟೆಸ್ಟ್ ಮಾಡಿಸಿದೆವು, ನಾರ್ಮಲ್ ಅಂತ ಬಂತು.

ಆದರೆ ಗಿರಣಿಗೆ ಜೋಳ ಬೀಸಿಸಲು ಕಳಿಸಿದರೆ ಹಿಟ್ಟು ಅಲ್ಲೇ ಬಿಟ್ಟು ಖಾಲಿ ಕೈಲಿ ಬರುತ್ತಾನೆ. ಒಲೆ ಮೇಲಿನ ಹಾಲು ಉಕ್ಕಿ ಚೆಲ್ಲುತ್ತಿದ್ದರೂ ನೋಡುತ್ತಾ ನಿಲ್ಲುತ್ತಾನೆ. ಶಾಲೆಯಲ್ಲಿ ಸೋಮಾರಿ ಅಂತ ಬೈಯುತ್ತಾರೆ, ಪಾಪ. ಅದು ಸೋಮಾರಿತನ ಅಲ್ಲವೇ ಅಲ್ಲ.

ಶಾಂತ ಕೋಣೆಯಲ್ಲಿ ಒಂದೊಂದೇ ಪ್ರಶ್ನೆ ಕೇಳುವ ಟೆಸ್ಟ್‌ನಲ್ಲಿ ಇಂಥ ತೊಂದರೆ ಸಿಗದೇ ಹೋಗಬಹುದು ಎಂದರು ಡಾಕ್ಟರ್. ದಿನದ ಕೆಲಸಗಳನ್ನು ಯೋಚಿಸಿ, ಪೂರ್ತಿ ಮಾಡುವ ಶಕ್ತಿ ಹೇಗಿದೆ ಎಂದು ತಿಳಿಯಲು ಮನೆಯವರು, ಟೀಚರ್ ತುಂಬುವ 'ಬ್ರೀಫ್' (BRIEF) ಎಂಬ ಪ್ರಶ್ನಾವಳಿ ಇದೆಯಂತೆ. ಅದೊಂದೇ ಸಾಕಾ, ಅಥವಾ ಅವನ ಕೈಯಿಂದಲೇ ಕೆಲಸ ಮಾಡಿಸಿ ನೋಡುವ ಪರೀಕ್ಷೆಯೂ ಬೇಕಾ? ಕನ್ನಡದಲ್ಲಿ ಮಾಡುವವರು ಕಲಬುರಗಿ, ಬೀದರ್ ಕಡೆ ಇದ್ದಾರಾ, ಇಲ್ಲ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕಾ?