ಆಂಕಿಯಲ್ಲಿ ಸ್ಪ್ಯಾನಿಷ್: ಟೈಪ್ ಮಾಡಿದ್ದೆಲ್ಲ ಕೆಂಪು ತೋರ್ಸುತ್ತೆ, ಓದೋ ಧ್ವನಿಯೂ ಸರಿ ಇಲ್ಲ, ದಾರಿ ಹೇಳಿ

ಮಲ್ನಾಡಮ್ಮ
ಎಲ್ರಿಗೂ ನಮಸ್ಕಾರ. ನನಗೆ 54 ವರ್ಷ, ತೀರ್ಥಹಳ್ಳಿ ಕಡೆಯವಳು. ಮಗಳು ಸ್ಪೇನಿನ ಜರಗೋಜಾ ಅನ್ನೋ ಊರಲ್ಲಿದಾಳೆ, ಅಳಿಯ ಅಲ್ಲಿಯವನೇ. ಬೀಗಿತ್ತಿ ಒಳ್ಳೆ ಹೆಂಗಸು, ವಿಡಿಯೋ ಕಾಲಲ್ಲಿ ಅವರು ನಗ್ತಾರೆ ನಾನೂ ನಗ್ತೀನಿ, ಎಷ್ಟು ದಿನ ಅಂತ ಬರೀ ನಗೋದು ಮಾರಾಯ್ರೆ. ಸೆಪ್ಟೆಂಬರಿಗೆ ಅಲ್ಲಿಗೆ ಹೋಗೋದಿದೆ, ಅಷ್ಟರೊಳಗೆ ನಾಲ್ಕು ಮಾತು ಕಲೀಬೇಕು ಅಂತ ಹಟ. ಮಗಳು ಬಂದಾಗ ಲ್ಯಾಪ್‌ಟಾಪಿಗೆ ಆಂಕಿ ಅನ್ನೋ, ಕಾರ್ಡು ತೋರ್ಸಿ ಮತ್ತೆ ಮತ್ತೆ ಕೇಳಿ ನೆನಪು ಮಾಡ್ಸೋ ಸಾಫ್ಟ್‌ವೇರ್ ಹಾಕಿ, ಯಾರೋ ಮಾಡಿಟ್ಟ ಡೆಕ್ (ಕಾರ್ಡಿನ ಕಟ್ಟು) ಒಂದನ್ನ ಇಳಿಸಿ ಕೊಟ್ಟು ಹೋದ್ಲು. ವಿಂಡೋಸ್ 11.

ತೊಂದ್ರೆ ಏನಪ್ಪಾ ಅಂದ್ರೆ, ಉತ್ತರ ಟೈಪ್ ಮಾಡೋ ಕಾರ್ಡಲ್ಲಿ ಸ್ಪೆಲಿಂಗ್ ಸರಿ ಇದ್ರೂ ಒಂದೆರಡು ಅಕ್ಷರ ಕೆಂಪು ಬರುತ್ತೆ. ಧ್ವನಿ ಒತ್ತಿದ್ರೆ ಮಗಳು ಅನ್ನೋ ಪದಕ್ಕೆ ‘ಹೈಜಾ’ ಅನ್ನುತ್ತೆ, ನನ್ನ ಮಗಳು ಫೋನಲ್ಲಿ ‘ಇಹಾ’ ಅಂತಾಳೆ, ಯಾರನ್ನ ನಂಬೋದು? ಇನ್ನು ‘ಐ ಲೈಕ್ ಕಾಫಿ’ ಅಂತ ಒಂದು ಕಾರ್ಡಿದೆ, ಅದು ಬಂದಾಗೆಲ್ಲ ‘ಯೋ ಗುಸ್ತೊ ಕಫೆ’ ಅಂತ ಬರೀತೀನಿ, ತಪ್ಪು ಅನ್ನುತ್ತೆ. ಈಗ ಅದಕ್ಕೆ ಲೀಚ್ ಅಂತ ಹೆಸರು ಬೇರೆ ಇಟ್ಟಿದೆ. ಬಾಕಿ ಕಾರ್ಡು 480 ಆಗಿದೆ, ಬೆಳಿಗ್ಗೆ ತೆಗೆದು ನೋಡಿದ್ರೆ ಎದೆ ಧಸಕ್ ಅನ್ನುತ್ತೆ.

ಕೀಲಿಮಣೆ_ಕಿಟ್ಟ
ಅಕ್ಕ, ಮೊದಲು ಕೆಂಪು ಅಕ್ಷರ ನೋಡೋಣ. ನೀವು ಮಾಮೂಲಿ ಇಂಗ್ಲಿಷ್ ಕೀಬೋರ್ಡಲ್ಲಿ ಬರೀತಿದೀರ, ಹಂಗಾಗಿ ಅಕ್ಷರದ ಮೇಲಿನ ಗೆರೆ ಬೀಳ್ತಿಲ್ಲ. ಸೆಟ್ಟಿಂಗ್ಸಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್, ಅದರೊಳಗೆ ಲ್ಯಾಂಗ್ವೇಜ್ ಅಂಡ್ ರೀಜನ್, ಅಲ್ಲಿ ಇಂಗ್ಲಿಷ್ ಪಕ್ಕದ ಮೂರು ಚುಕ್ಕೆ ಒತ್ತಿ ಲ್ಯಾಂಗ್ವೇಜ್ ಆಪ್ಷನ್ಸಿಗೆ ಹೋಗಿ ‘ಯುನೈಟೆಡ್ ಸ್ಟೇಟ್ಸ್ ಇಂಟರ್‌ನ್ಯಾಷನಲ್’ ಕೀಬೋರ್ಡ್ ಸೇರ್ಸಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದ್ರೆ ಅದಕ್ಕೆ ಬದಲಾಗುತ್ತೆ. ಆಮೇಲೆ ಒಂಟಿ ಉದ್ಧರಣ ಚಿಹ್ನೆ ಒತ್ತಿ ಸ್ವರ ಒತ್ತಿದ್ರೆ ಗೆರೆ ಬರುತ್ತೆ, ಬಲಗಡೆ ಆಲ್ಟ್ ಹಿಡಿದು ಎನ್ ಒತ್ತಿದ್ರೆ ತಲೆ ಮೇಲೆ ಡೊಂಕು ಗೆರೆ ಇರೋ ‘ಏನ್ಯೆ’, ಬಲ ಆಲ್ಟ್ ಮತ್ತೆ ಓರೆಗೆರೆ ಒತ್ತಿದ್ರೆ ತಲೆಕೆಳಗಾದ ಪ್ರಶ್ನಾರ್ಥಕ. ಒಂದೇ ಕಿರಿಕಿರಿ, ಬರೀ ಉದ್ಧರಣ ಚಿಹ್ನೆ ಬೇಕು ಅಂದ್ರೆ ಅದನ್ನ ಒತ್ತಿ ಆಮೇಲೆ ಸ್ಪೇಸ್ ಒತ್ಬೇಕು, ಇಲ್ಲಾಂದ್ರೆ ಏನೂ ಬರಲ್ಲ, ಕೀ ಕೆಟ್ಟೋಯ್ತು ಅಂತ ಗಾಬರಿ ಆಗ್ಬೇಡಿ.

ಧ್ವನಿ ಬಗ್ಗೆ: ಕಾರ್ಡ್ ಟೆಂಪ್ಲೇಟಲ್ಲಿ (ಕಾರ್ಡ್ ಹೆಂಗೆ ಕಾಣ್ಬೇಕು ಅಂತ ಬರೆದಿಟ್ಟ ಅಚ್ಚು) ಟಿಟಿಎಸ್, ಅಂದ್ರೆ ಬರೆದಿದ್ದನ್ನ ಓದಿ ಹೇಳೋದು, ಅಂತ ಇರೋ ಸಾಲಲ್ಲಿ ಏನಿದೆ ನೋಡಿ ಹೇಳಿ.

ಸೋಂಬೇರಿ_ಕೋಡರ್
ಇಷ್ಟೆಲ್ಲಾ ಯಾಕೆ ಗುರು? ಟೆಂಪ್ಲೇಟಲ್ಲಿ ಟೈಪ್ ಅಂತ ಇರೋ ಕಡೆ ಅದರ ಮುಂದೆ ಎನ್‌ಸಿ ಅಂತ ಸೇರ್ಸಿ, ಮಧ್ಯೆ ಕೋಲನ್ ಹಾಕಿ. ಮೇಲಿನ ಗೆರೆ ಚುಕ್ಕೆ ಯಾವುದನ್ನೂ ಲೆಕ್ಕಕ್ಕೇ ತಗೊಳ್ಳಲ್ಲ. ಎರಡು ಸೆಕೆಂಡ್ ಕೆಲಸ.

ಕೀಲಿಮಣೆ_ಕಿಟ್ಟ
ಆಗುತ್ತೆ, ಆದ್ರೆ ಬೇಡ. ಏನ್ಯೆ ಸ್ಪ್ಯಾನಿಷಲ್ಲಿ ಬೇರೇನೇ ಅಕ್ಷರ, ನಮ್ಮ ನ ಮತ್ತು ಞ ಇದ್ದಂಗೆ. ಅಕ್ಕ ತಮ್ಮ ವಯಸ್ಸು ಹೇಳೋಕೆ ‘ತೆಂಗೊ 54 ಆಞೋಸ್’ ಅಂತ ಬರೀಬೇಕು, ಡೊಂಕು ಗೆರೆ ಬಿಟ್ಟು ‘ಆನೋಸ್’ ಅಂತ ಬೀಗಿತ್ತಿಗೆ ಮೆಸೇಜ್ ಹಾಕಿದ್ರೆ ಅದು ಕೂರೋ ಜಾಗಕ್ಕೆ ಸಂಬಂಧಪಟ್ಟ ಮಾತಾಗುತ್ತೆ, ಅದೂ 54!

ಮಲ್ನಾಡಮ್ಮ
ಅಯ್ಯೋ ರಾಮ, ಹೋದ ವಾರ ಹಂಗೇ ಕಳ್ಸಿದೀನಿ! ಅದಕ್ಕೇ ನಗೋ ಮುಖ ಹಾಕಿದ್ರಾ ಅವರು.

ಕೀಬೋರ್ಡ್ ಆಯ್ತು, ಈಗ ಹಸಿರು ಬರ್ತಿದೆ. ಟಿಟಿಎಸ್ ಪಕ್ಕದಲ್ಲಿ ಇಎನ್ ಅಂಡರ್‌ಸ್ಕೋರ್ ಯುಎಸ್ ಅಂತಿದೆ.

ಕೀಲಿಮಣೆ_ಕಿಟ್ಟ
ಸಿಕ್ತು ಕಳ್ಳ. ಸ್ಪ್ಯಾನಿಷ್ ಪದಾನ ಅಮೆರಿಕದ ಇಂಗ್ಲಿಷ್ ಧ್ವನಿ ಓದ್ತಿದೆ, ಅದು ಹೈಜಾ ಅನ್ನದೆ ಇನ್ನೇನು ಅನ್ನುತ್ತೆ. ಮಗಳು ಹೇಳಿದ್ದೇ ಸರಿ. ಅದನ್ನ ಅಳಿಸಿ ಇಎಸ್ ಅಂಡರ್‌ಸ್ಕೋರ್ ಇಎಸ್ ಮಾಡಿ, ಮೊದಲನೇದು ಭಾಷೆ ಎರಡನೇದು ದೇಶ. ಅದಕ್ಕೂ ಮುಂಚೆ ಟೈಮ್ ಅಂಡ್ ಲ್ಯಾಂಗ್ವೇಜ್ ಒಳಗೇ ಸ್ಪೀಚ್ ಅಂತಿದೆ, ಅಲ್ಲಿ ಆಡ್ ವಾಯ್ಸಸ್ ಒತ್ತಿ ಸ್ಪೇನಿನ ಸ್ಪ್ಯಾನಿಷ್ ಇಳಿಸ್ಕೊಳ್ಳಿ. ಆಂಕಿ ತನ್ನದೇ ಧ್ವನಿ ಇಟ್ಕೊಂಡಿಲ್ಲ, ಕಂಪ್ಯೂಟರಲ್ಲಿ ಇರೋದನ್ನೇ ಬಳಸುತ್ತೆ. ಇಳಿಸಿದ್ಮೇಲೆ ಆಂಕಿ ಮುಚ್ಚಿ ಮತ್ತೆ ತೆಗೀರಿ.

ಕಿತ್ತಳೆತೋಟ
ನಾನು ವಲೆನ್ಸಿಯಾದಲ್ಲಿ ಆರು ವರ್ಷದಿಂದ ಇದೀನಿ, ಹಾಸನದವನು, ಬಂದಾಗ ನನಗೂ ನಲವತ್ತು ದಾಟಿತ್ತು. ಕಿಟ್ಟಣ್ಣ ಹೇಳಿದ್ದು ಸರಿ, ಮೆಕ್ಸಿಕೋ ಧ್ವನಿ ಹಾಕ್ಬೇಡಿ ಅಕ್ಕ, ಅಲ್ಲಿ ‘ಗ್ರಾಸಿಯಾಸ್’ ಅಂತಾರೆ, ನಿಮ್ಮ ಬೀಗರ ಕಡೆ ನಾಲಿಗೆ ತುದಿ ಹಲ್ಲಿನ ಮಧ್ಯ ಇಟ್ಟು ‘ಗ್ರಾಥಿಯಾಸ್’ ಅಂತಾರೆ. ಜರಗೋಜಾನೂ ಅಷ್ಟೇ, ‘ಥರಗೋಥಾ’.

ನನಗನ್ಸೋದು ನಿಮ್ಮ ಮೂರೂ ತೊಂದ್ರೆಗೆ ಕಾರಣ ಒಂದೇ, ಮಧ್ಯದಲ್ಲಿ ಇಂಗ್ಲಿಷ್ ಬಂದು ಕೂತಿದೆ. ಕೀಬೋರ್ಡು, ಧ್ವನಿ ಎರಡನ್ನೂ ಎಬ್ಬಿಸಿ ಕಳ್ಸಿದ್ರಿ, ಅರ್ಥದಲ್ಲಿ ಇನ್ನೂ ಕೂತಿದೆ. ಆ ಲೀಚ್ ಕಾರ್ಡ್ ನೋಡಿ, ಎಂಟು ಸಲ ಮರೆತು ‘ಅಗೇನ್’ ಬಟನ್ ಒತ್ತಿದ್ರೆ ಆಂಕಿ ಆ ಹೆಸರಿಡುತ್ತೆ, ನಿಮ್ಮೂರಿನ ಇಂಬಳನೇ ಅದು, ಹತ್ತಿದ್ರೆ ಬಿಡಲ್ಲ. ‘ಐ ಲೈಕ್’ ಅಂತ ಓದಿದ ತಕ್ಷಣ ನೀವು ‘ನಾನು’ ಇಂದ ಶುರು ಮಾಡ್ತೀರ. ಸ್ಪ್ಯಾನಿಷಲ್ಲಿ ‘ಮೆ ಗುಸ್ತಾ ಎಲ್ ಕಫೆ’. ಮೆ ಅಂದ್ರೆ ಇಲ್ಲಿ ನನಗೆ. ನನಗೆ ಕಾಫಿ ಇಷ್ಟ. ಕನ್ನಡದಲ್ಲಿ ‘ನಾನು ಕಾಫಿ ಇಷ್ಟ’ ಅಂತ ಯಾರಾದ್ರೂ ಅಂತಾರಾ? ವಸ್ತು ಜಾಸ್ತಿ ಆದ್ರೆ ಕ್ರಿಯಾಪದ ಅದರ ಹಿಂದೆ ಹೋಗುತ್ತೆ, ಹಾಡು ಇಷ್ಟವಾಯ್ತು, ಹಾಡುಗಳು ಇಷ್ಟವಾದವು, ಅಲ್ಲೂ ಗುಸ್ತಾ, ಗುಸ್ತಾನ್. ತಲೆನೋವು ಕೂಡ ಇದೇ ದಾರಿ, ‘ಮೆ ದುವೆಲೆ ಲಾ ಕಬೆಸಾ’, ನನಗೆ ತಲೆ ನೋಯ್ತಿದೆ (ಅಲ್ಲಿ ಕಬೆಥಾ ಅನ್ನಿ). ಬಂದೆ, ಹೋದೆ ಅಂದ್ರೆ ಸಾಕಲ್ಲ ನಮಗೆ, ‘ನಾನು’ ಬೇಕಿಲ್ಲ, ಅವರಿಗೂ ಬೇಕಿಲ್ಲ. ಇಷ್ಟೆಲ್ಲ ಕೈಯಲ್ಲಿ ಇಟ್ಕೊಂಡು ನಾವು ಸುಮ್ನೆ ಲಂಡನ್ ಸುತ್ತಿ ಹೋಗ್ತೀವಿ. ಎಲ್ಲಾ ಕಡೆ ಹೊಂದಲ್ಲ ಅನ್ನಿ, ವಯಸ್ಸು ಹಸಿವು ಎರಡಕ್ಕೂ ನಾವು ‘ನನಗೆ’ ಅಂತೀವಿ, ಅವರು ‘ನನ್ನ ಹತ್ರ ಇದೆ’ ಅನ್ನೋ ಥರ ತೆಂಗೊ ಅಂತಾರೆ. ನಾನು ತೆಂಗು ಅಂತಲೇ ನೆನಪಿಟ್ಕೊಂಡೆ.

ಅದಕ್ಕೆ ಟೂಲ್ಸಲ್ಲಿ ಮ್ಯಾನೇಜ್ ನೋಟ್ ಟೈಪ್ಸಿಗೆ ಹೋಗಿ ಕನ್ನಡ ಅಂತ ಹೊಸ ಫೀಲ್ಡ್ (ಖಾನೆ) ಸೇರ್ಸಿ, ಕನ್ನಡ ತುಂಬಿರೋ ಕಾರ್ಡಿನ ಮುಂದೆ ಇಂಗ್ಲಿಷ್ ಬದಲು ಅದು ಬರೋ ಹಂಗೆ, ತುಂಬದೇ ಇರೋದಕ್ಕೆ ಇಂಗ್ಲಿಷೇ ಉಳಿಯೋ ಹಂಗೆ ಮಾಡಿ, ದಿನಕ್ಕೆ ಹತ್ತು ಕಾರ್ಡಿಗೆ ನೀವೇ ಕನ್ನಡ ತುಂಬ್ತಾ ಹೋಗಿ, ಹಳೇ ಲೆಕ್ಕ ಹಾಳಾಗಲ್ಲ. ಆದ್ರೆ ಒಂದು ಹುಷಾರು: ಫೀಲ್ಡ್ ಸೇರ್ಸಿದ್ಮೇಲೆ ಸಿಂಕ್ ಮಾಡ್ವಾಗ (ಆನ್‌ಲೈನ್ ಖಾತೆ ಜೊತೆ ಹೊಂದಿಸ್ವಾಗ) ಅಪ್‌ಲೋಡಾ ಡೌನ್‌ಲೋಡಾ ಅಂತ ಕೇಳುತ್ತೆ. ಅಪ್‌ಲೋಡ್ ಒತ್ತಿ. ಡೌನ್‌ಲೋಡ್ ಒತ್ತಿ ನಾನು ಒಂದು ಭಾನುವಾರ ಪೂರ್ತಿ ಕಳ್ಕೊಂಡಿದೀನಿ.

480 ಬಾಕಿಗೆ, ಹೊಸ ಕಾರ್ಡ್ ಸೊನ್ನೆ ಮಾಡಿ. ದಿನಕ್ಕೆ 20 ಹೊಸದು ಅಂತ ಮೊದಲೇ ಇಟ್ಟಿರ್ತಾರೆ, ಅದು ಕಾಲೇಜು ಹುಡುಗ್ರಿಗೆ. ಬಾಕಿ ಕರಗಿದ್ಮೇಲೆ ಐದು ಇಡಿ ಸಾಕು.

ಮಲ್ನಾಡಮ್ಮ
ನನಗೆ ಕಾಫಿ ಇಷ್ಟ, ಅಷ್ಟೇನಾ! ಮೂರು ತಿಂಗಳು ಒದ್ದಾಡಿದೀನಲ್ಲಪ್ಪ.

ಇನ್ನೊಂದು. ಮೈಕಲ್ಲಿ ಮಾತಾಡಿ ಅಭ್ಯಾಸ ಮಾಡೋ ಬೇರೆ ಸಾಫ್ಟ್‌ವೇರ್ ಇದೆ, ನಾನು ನಾಯಿ ಅಂದ್ರೆ ಅದು ‘ಆದರೆ’ ಅಂತ ಕೇಳಿಸ್ಕೊಳ್ಳುತ್ತೆ. ‘ಎಲ್ಲ’ ಅನ್ನೋ ಪದಕ್ಕೆ ಟೋಡೋ ಟೋಡೋ ಅಂತ ಹತ್ತು ಸಲ ಕಿರುಚಿದೆ, ಕೇಳ್ತಾನೇ ಇಲ್ಲ. ಕಿವಿಗೆ ಹಾಕೋ ಬ್ಲೂಟೂತ್ ಇದೆ.

ಕಿತ್ತಳೆತೋಟ
ಟೋಡೋ ಅಲ್ಲ ಅಕ್ಕ, ತೋದೋ. ಇಂಗ್ಲಿಷ್ ಅಕ್ಷರ ಕಂಡ ಕೂಡ್ಲೇ ನಮ್ಮ ಬಾಯಿಗೆ ಟ ಡ ಬಂದ್ಬಿಡುತ್ತೆ, ಅವರದ್ದು ತ ದ. ನಾಯಿಗೆ ಪೆರ್ರೊ, ಆದರೆಗೆ ಪೆರೊ. ಬಟ್ಟೆ ‘ಪರ್ರನೆ’ ಹರೀತು ಅಂತೀವಲ್ಲ, ಆ ರ್ರ ಹಂಗೇ ತಗೊಂಡು ಬನ್ನಿ.

ಕೀಲಿಮಣೆ_ಕಿಟ್ಟ
ಬ್ಲೂಟೂತ್ ಬೇಡ, ವೈರ್ ಇರೋದು ಹಾಕಿ. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಆನ್ ಆದ್ರೆ ಬಹಳಷ್ಟು ಸಲ ಫೋನ್ ಕಾಲ್ ಮಟ್ಟದ ಧ್ವನಿಗೆ ಇಳಿಯುತ್ತೆ, ನಿಮ್ಮ ರ್ರ ಅದರಲ್ಲಿ ಸವೆದು ಹೋಗುತ್ತೆ.

ಮಲ್ನಾಡಮ್ಮ
ಎರಡು ವಾರ ಆಯ್ತು, ಬಾಕಿ 60ಕ್ಕೆ ಬಂತು. ಪರ್ರನೆ ಪರ್ರನೆ ಅಂತ ಅಡುಗೆಮನೇಲಿ ಹೇಳ್ಕೊಂಡು ಓಡಾಡ್ತಿದ್ದೆ, ನಮ್ಮನೆಯವರು ಏನು ಹರೀತು ಅಂತ ಬಂದು ನೋಡಿದ್ರು. ನಾಯಿ ನಾಯಿನೇ ಆಯ್ತು.

ನಿನ್ನೆ ಕಾಲಲ್ಲಿ ಮೆ ಗುಸ್ತಾ ಎಲ್ ಕಫೆ ಅಂದೆ, ಬೀಗಿತ್ತಿ ಲೋಟ ಎತ್ತಿ ತೋರ್ಸಿದ್ರು. ಅವರು ನನ್ನನ್ನ ‘ಕೋನ್ಸುವೆಗ್ರಾ’ ಅಂತ ಕರೀತಾರೆ, ಮಗಳನ್ನ ಕೇಳಿದ್ರೆ ಬೀಗಿತ್ತಿ ಅಂತಲೇ ಅರ್ಥ ಅಂತೆ! ಇಂಗ್ಲಿಷಲ್ಲಿ ಇದಕ್ಕೊಂದು ಪದ ಹುಡುಕಿ ಹುಡುಕಿ ಸಾಕಾಗಿತ್ತು ನನಗೆ. ಅದನ್ನ ನಾನೇ ಕಾರ್ಡ್ ಮಾಡಿದೆ.

ಕೊನೇ ಡೌಟು. ನಾನು ಮರ್ಯಾದೆಯಿಂದ ‘ಉಸ್ತೆದ್’ ಅಂತಿದ್ದೆ, ಅಂದ್ರೆ ನೀವು. ಅವರು ಬೇಡ ಬೇಡ ‘ತು’ ಅನ್ನು ಅಂತಾರೆ. ಬೀಗಿತ್ತಿನ ನೀನು ಅನ್ನೋಕೆ ಬಾಯಿ ಬರ್ತಿಲ್ಲ, ಇದಕ್ಕೇನಾದ್ರೂ ಸೆಟ್ಟಿಂಗ್ ಇದೆಯಾ?

ಕಿತ್ತಳೆತೋಟ
ಇಲ್ಲ ಅಕ್ಕ. ನಾನು ಆರು ವರ್ಷದಿಂದ ಆ ಕಾರ್ಡಿಗೆ ‘ಅಗೇನ್’ ಒತ್ತುತ್ತಾ ಇದೀನಿ.