ರೇಡಿಯೇಷನ್ ಮುಗಿದ ಮೇಲೆ ಬಿಡದ ಒಣಕೆಮ್ಮು: ಸಿಟಿ ಸ್ಕ್ಯಾನ್ ಮಾಡಿಸಿದವರು ಇದ್ದೀರಾ?

ಅಮ್ಮನಿಗೆ 58 ವರ್ಷ. ಎಡ ಸ್ತನದ ಕ್ಯಾನ್ಸರ್. ಆಪರೇಷನ್ ಆಗಿ, 15 ಸಿಟಿಂಗ್ ರೇಡಿಯೇಷನ್ ಮುಗಿದು ಎರಡು ತಿಂಗಳಾಯಿತು. ಮೂರು ವಾರದಿಂದ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ. ಈಗ ಎದೆಯ ಸಿಟಿ ಮಾಡಿಸಿ ಅಂತಿದ್ದಾರೆ. "ಅಷ್ಟು ಕರೆಂಟ್ ಕೊಟ್ಟಿದ್ದು ಸಾಲದಾ?" ಅಂತ ಅಮ್ಮ ಹಠ ಹಿಡಿದಿದ್ದಾರೆ.

ಹಾಸನದಿಂದ:
ನಮ್ಮ ಅತ್ತೆಯದೂ ಇದೇ ಕಥೆ. ಎರಡು ಕೋರ್ಸ್ ಆ್ಯಂಟಿಬಯಾಟಿಕ್ ನುಂಗಿಸಿದೆವು. ಒಬ್ಬರು ಟಿಬಿ ಇರಬಹುದು ಅಂದರು. ಕೊನೆಗೆ ಸಿಟಿ ಮಾಡಿಸಿದರೆ ರಿಪೋರ್ಟಿನಲ್ಲಿ "ಗ್ರೌಂಡ್ ಗ್ಲಾಸ್", ಅಂದರೆ ಶ್ವಾಸಕೋಶದಲ್ಲಿ ಮಂಜು ಕವಿದಂಥ ಮಸುಕು, ಅಂತ ಬರೆದಿತ್ತು. ಕೋವಿಡ್ ಕಾಲದಲ್ಲಿ ಕೇಳಿದ ಪದ, ಎದೆ ಧಸಕ್ ಅಂತು. ಸ್ಕ್ಯಾನ್ ತಗೊಂಡು ರೇಡಿಯೇಷನ್ ಡಾಕ್ಟರ ಹತ್ತಿರವೇ ಹೋದೆವು. ರೇಡಿಯೇಷನ್ ಶುರುವಾಗುವ ಮುಂಚೆ ಪ್ಲಾನಿಂಗ್‌ಗೆ ಅಂತ ಒಂದು ಸಿಟಿ ತೆಗೆದಿರುತ್ತಾರಲ್ವಾ, ಅದನ್ನೂ ಇದನ್ನೂ ಪಕ್ಕಪಕ್ಕ ಹಾಕಿದರು. ಪೆನ್ನಿನ ತುದಿಯಲ್ಲಿ ತೋರಿಸಿದರು. ಪಕ್ಕೆಲುಬಿನ ಹಿಂದೆಯೇ ಬಿಳಿ ಮಂಜಿನಂಥ ಪಟ್ಟಿ. ಅದರ ಅಂಚು ಸ್ಕೇಲ್ ಇಟ್ಟು ಎಳೆದ ಹಾಗೆ ನೇರ! ಕಿರಣ ಹೋದ ದಾರಿ ಅದು, ರೇಡಿಯೇಷನ್ನಿಂದಲೇ ಶ್ವಾಸಕೋಶಕ್ಕೆ ಆದ ಉರಿಯೂತ (ರೇಡಿಯೇಷನ್ ನ್ಯುಮೊನೈಟಿಸ್). ಸೋಂಕು ಹೀಗೆ ಗೆರೆ ನೋಡಿಕೊಂಡು ನಿಲ್ಲುವುದು ಅಪರೂಪ ಅಂದರು. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟು, ಡೋಸನ್ನು ವಾರಗಟ್ಟಲೆ ನಿಧಾನವಾಗಿ ಇಳಿಸಿದರು. ಕೆಮ್ಮು ಹೋಯಿತು, ಆದರೆ ಶುಗರ್ ಏರಿತು. ಅಮ್ಮನಿಗೆ ಶುಗರ್ ಇದ್ದರೆ ಮೊದಲೇ ಹೇಳಿಬಿಡಿ.

ಮಂಗಳೂರಿನಿಂದ:
ಆ ಗೆರೆಯನ್ನೇ ನಂಬಿ ಕೂರಬೇಡಿ. ನನಗೆ ಮಂಜು ಗೆರೆ ದಾಟಿ ಇನ್ನೊಂದು ಶ್ವಾಸಕೋಶಕ್ಕೂ ಹೋಗಿತ್ತು. ಸ್ತನದ ರೇಡಿಯೇಷನ್ ಆದವರಲ್ಲಿ ಹಾಗೂ ಆಗುವುದುಂಟಂತೆ. ಸೋಂಕಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಕಫ, ರಕ್ತ ಎಲ್ಲ ಪರೀಕ್ಷೆ ಮಾಡಿದರು. ಆಮೇಲೆ ನನಗೂ ಅದೇ ಮಾತ್ರೆ.

ಸಿಟಿ ರೂಮಿನಲ್ಲಿ ಕೆಲಸ ಮಾಡುವವನು:
ಇದಕ್ಕೆ ಸಾಮಾನ್ಯವಾಗಿ ಪ್ಲೇನ್ ಎಚ್‌ಆರ್‌ಸಿಟಿ (ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ) ಸಾಕು, ರಕ್ತನಾಳ ಎದ್ದು ಕಾಣಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಾಗುವುದಿಲ್ಲ. ಮೆಷಿನ್ ಓಡುವುದು ಕೆಲವೇ ಸೆಕೆಂಡು, ಅಷ್ಟು ಹೊತ್ತು ಉಸಿರು ಹಿಡಿದರಾಯಿತು. ಕೆಮ್ಮಿದರೆ ಚಿತ್ರ ಅಲುಗಾಡುತ್ತದೆ. ಸಿಟಿಯ ಕಿರಣ ಚಿಕಿತ್ಸೆಯ ಮುಂದೆ ತೀರಾ ಸಣ್ಣದು, ಅಮ್ಮನಿಗೆ ಇದನ್ನೇ ಹೇಳಿ. ಎಕ್ಸ್‌ರೇಯಲ್ಲಿ ಕಾಣದ್ದು ಸಿಟಿಯಲ್ಲಿ ಎಷ್ಟೋ ಸಲ ಕಂಡಿದೆ. ಫಾರ್ಮಿನಲ್ಲಿ "ಎಡಗಡೆ ರೇಡಿಯೇಷನ್, ಇಂಥ ತಿಂಗಳು ಮುಗಿದಿದೆ" ಅಂತ ಬರೆಸಿ. ಅದಿಲ್ಲದೆ ರಿಪೋರ್ಟ್ ಬರೆಯುವವರು ನ್ಯುಮೋನಿಯಾ ಅಂದುಬಿಡಬಹುದು. ಇನ್ನೊಂದು, ಏಕಾಏಕಿ ಉಸಿರು ಕಟ್ಟಿದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ ಹೋಗಿ. ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ನೋಡಲು ಸಾಮಾನ್ಯವಾಗಿ ಆ ಇಂಜೆಕ್ಷನ್ ಹಾಕುವ ಸಿಟಿ ಬೇಕಾಗುತ್ತದೆ.

ಶಿವಮೊಗ್ಗದಿಂದ:
ನನಗೆ ಕೆಮ್ಮೇ ಇರಲಿಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಸಿಟಿಯಲ್ಲಿ ಕಲೆ ಕಂಡಿತು. ಔಷಧಿ ಕೊಡಲಿಲ್ಲ. ವರ್ಷದ ಮೇಲೆ ಗಾಯದ ಗುರುತಿನಂತೆ ಒಂದು ಎಳೆ ಉಳಿದಿದೆ ಅಷ್ಟೆ. ತೊಂದರೆ ಇಲ್ಲದವರು ಸುಮ್ನೆ ಹುಡುಕಿಸಿಕೊಂಡು ಹೋಗಬೇಡಿ. ನಿಮ್ಮ ಅಮ್ಮನಿಗೆ ಏದುಸಿರಿದೆ, ಅದು ಬೇರೆ ಮಾತು.

ಕೇಳಿದವಳು:
ಅಮ್ಮ ಒಪ್ಪಿದರು. ಪ್ಲಾನಿಂಗ್ ಸಿಟಿಯ ಸಿಡಿ ಕೇಳಲು ನಾಳೆ ಆಸ್ಪತ್ರೆಗೆ ಹೋಗುತ್ತೇನೆ. ಅಮ್ಮ ಆಗಲೇ ಟಿವಿ ಮುಂದೆ ಕೂತು ಉಸಿರು ಹಿಡಿಯುವ ಅಭ್ಯಾಸ ಶುರು ಮಾಡಿದ್ದಾರೆ. ಎಂಟು ಎಣಿಸುವಷ್ಟರಲ್ಲಿ ಕೆಮ್ಮು ಬರುತ್ತಿದೆ.