ನೊಣ ಹಿಡಿಯುವ ಗಿಡಗಳಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೈಸೂರಿನ ನಮ್ಮ ಮನೆಯ ಅಡುಗೆಮನೆ ಕಿಟಕಿಗೆ ಹುಳ ತಿನ್ನುವ ಗಿಡ ತರಲು ಹೋಗಿದ್ದೆ. ನರ್ಸರಿಯವರು ಮೊದಲು ಕೇಳಿದ್ದೇ "ಯಾವ ನೊಣ?" ಅಂತ. ಒಳ್ಳೆಯ ಪ್ರಶ್ನೆ. ಮಾಗಿದ ಬಾಳೆಹಣ್ಣಿನ ಮೇಲೆ ಏಳುವ ಪುಟ್ಟ ಹುಳಕ್ಕೆ ನಾವು ನೊರಜು ಅಂತೀವಿ. ಮಂಡ್ಯ ಕಡೆಯ ನಮ್ಮತ್ತೆ ಗುಂಗುರು ಅಂತಾರೆ. ಆಲೆಮನೆಯಲ್ಲಿ ಬೆಲ್ಲಕ್ಕೆ ಮುತ್ತುವುದು ಮಾತ್ರ ನೊಣ. ಗಿಡ ಆರಿಸುವಾಗ ಈ ವ್ಯತ್ಯಾಸ ಬೇಕೇ ಬೇಕು. ಸನ್‌ಡ್ಯೂ ಗಿಡದ ಎಲೆಯ ಕೂದಲ ತುದಿಯಲ್ಲಿ ಅಂಟಿನ ಹನಿ ಇರುತ್ತದೆ, ಅದಕ್ಕೆ ನೊರಜು ಸಿಕ್ಕಿಬೀಳುತ್ತದೆ. ದಪ್ಪ ನೊಣ ಎಷ್ಟೋ ಸಲ ಕೊಸರಿಕೊಂಡು ಹಾರಿಹೋಗುತ್ತದೆ.

ಈಗ ಹೆಸರಿನ ವಿಷಯ. ಪಿಚರ್ ಗಿಡಕ್ಕೆ 'ಹೂಜಿ ಗಿಡ' ಅನ್ನೋದು ಚೆನ್ನಾಗಿ ಕೂತಿದೆ. ಜಾರುವ ಬಾಯಿ, ತಳದಲ್ಲಿ ನೀರು. ವೀನಸ್ ಫ್ಲೈಟ್ರ್ಯಾಪ್‌ಗೆ ಕೆಲವರು 'ನೊಣಬಲೆ' ಅಂತಾರೆ, ನನಗೆ ಒಪ್ಪಿಗೆಯಿಲ್ಲ. ಬಲೆ ಸುಮ್ನೆ ಹರಡಿಕೊಂಡಿರುತ್ತದೆ. ಈ ಎಲೆ ಹಾಗಲ್ಲ. ಒಳಗಿನ ಕೂದಲಿಗೆ ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಏನಾದರೂ ತಗುಲಿದರೆ ಪಟ್ಟಂತ ಮುಚ್ಚಿಕೊಳ್ಳುತ್ತದೆ. ಇಲಿಬೋನು ಇದ್ದ ಹಾಗೆ ಅಲ್ವಾ? 'ನೊಣಬೋನು' ಅಂದರೆ ಸರಿಹೋಗುತ್ತದೆ. 'ನೊಣಬಾಕ' ಮಾತ್ರ ಬೇಡ. ಹಿಡಿದ ಒಂದು ನೊಣವನ್ನು ಅರಗಿಸಲು ವಾರ ತೆಗೆದುಕೊಳ್ಳುವ ಎಲೆಗೆ 'ಬಾಕ' ಅನ್ನೋದು ಅನ್ಯಾಯ.

ನಾನು ಸಿಕ್ಕಿಬಿದ್ದಿರುವುದು ಸನ್‌ಡ್ಯೂ ಹತ್ತಿರ. ಕೊನೆಗೆ ಮನೆಗೆ ತಂದಿದ್ದೂ ಅದನ್ನೇ. ಬೋರ್‌ವೆಲ್ ನೀರು ಇದಕ್ಕೆ ಆಗುವುದಿಲ್ಲ, ಮಳೆನೀರು ಹಿಡಿದಿಟ್ಟು ತಟ್ಟೆಗೆ ಹಾಕುತ್ತೇನೆ. 'ಇಬ್ಬನಿ ಗಿಡ' ಅಂತ ಬರೆದಿದ್ದನ್ನು ನೋಡಿದ್ದೇನೆ. ಆದರೆ ಇಬ್ಬನಿ ಬಿಸಿಲು ಬಂದರೆ ಆರಿಹೋಗುತ್ತದೆ, ಈ ಹನಿ ಬಿಸಿಲಲ್ಲೂ ಹೊಳೆಯುತ್ತಲೇ ಇರುತ್ತದೆ. ನಿನ್ನೆ ಒಂದು ನೊರಜು ಕೂತಿತು. ಕಾಲೆತ್ತಲು ಹೋದಾಗ ಹನಿ ಎಳೆಯಾಗಿ ಜಗ್ಗಿತು, ಥೇಟ್ ಒಂದೆಳೆ ಪಾಕ. ಸಂಜೆ ಹೊತ್ತಿಗೆ ಸುತ್ತಲಿನ ಕೆಂಪು ಕೂದಲೆಲ್ಲ ಅದರ ಮೇಲೆ ಬಾಗಿದ್ದವು. ಅದನ್ನು ನೋಡಿದ ಮೇಲೆ 'ಇಬ್ಬನಿ' ಅನ್ನಲು ನಾಲಿಗೆ ಬರುತ್ತಿಲ್ಲ. 'ಅಂಟುಹನಿ' ಅಂದರೆ ಹೇಗೆ?

ಪಶ್ಚಿಮ ಘಟ್ಟದಲ್ಲಿ ಇದರ ಜಾತಿಗಳು ತಾವಾಗೇ ಬೆಳೆಯುತ್ತವೆ. ಮಲೆನಾಡಿನವರೇ, ನಿಮ್ಮ ಕಡೆ ದನ ಮೇಯಿಸುವವರು, ಗದ್ದೆ ಕೆಲಸದವರು ಇದನ್ನು ಏನಂತ ಕರೆಯುತ್ತಾರೆ? ಆಡುಮಾತಿನ ಹೆಸರು ಇದ್ದರೆ ನನ್ನ 'ಅಂಟುಹನಿ'ಯನ್ನು ಖುಷಿಯಿಂದ ಬಿಟ್ಟುಬಿಡುತ್ತೇನೆ.